ಲಾರೀ ಲೀಯ ಸ್ಪೇನ್ ಪಾದಯಾತ್ರೆ

ಪ್ರವಾಸಗ್ರಂಥಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳುಂಟು. ಕೈಯಲ್ಲಿ ಹಣವನ್ನೂ ಜೇಬಿನಲ್ಲಿ ಪರಿಚಯಪತ್ರಗಳನ್ನೂ ಇಟ್ಟುಕೊಂಡು ಹೊರಟವನು ಬರೆದುದು ಒಂದು. ಅವೆರಡೂ ಇಲ್ಲದೆ ತನ್ನ ಕಾಲುಗಳನ್ನೇ ನಂಬಿ ಹೊರಟವನು ಬರೆದುದು ಇನ್ನೊಂದು. ಮೊದಲನೆಯವನಿಗೆ ಊರೆಂದರೆ ಅರಮನೆ, ಚರ್ಚು, ಚಿತ್ರಶಾಲೆ. ಎರಡನೆಯವನಿಗೆ ಊರೆಂದರೆ ನೀರು ಸಿಕ್ಕುವ ಬಾವಿ, ರಾತ್ರಿ ತಲೆಯಿಡಲು ಒಂದು ಮೂಲೆ, ಕರೆದರೆ ತೆರೆಯುವ ಒಂದು ಬಾಗಿಲು. ಮೊದಲನೆಯ ಬಗೆಯ ಗ್ರಂಥಗಳಿಂದ ವಾಚಕನಿಗೆ ತಿಳಿವಳಿಕೆ ಹೆಚ್ಚುವುದು. ಎರಡನೆಯ ಬಗೆಯವುಗಳಿಂದ ಮನುಷ್ಯರ ಪರಿಚಯವಾಗುವುದು. ಆದರೆ ಈ ಎರಡನೆಯ ಬಗೆಗೆ ತನ್ನದೇ ಆದ ಅಪಾಯವೊಂದುಂಟು. ತಾನಾಗಿ ಬಯಸಿ ಹೊತ್ತ ಬಡತನವನ್ನು ಲೇಖಕನು ಬಿರುದಿನಂತೆ ಮೆರೆಯಿಸತೊಡಗಿದರೆ, ಅವನಿಗೆ ಅನ್ನವಿಟ್ಟವರ ಬಡತನವು ನಾಟಕದ ಪರದೆಯ ಮೇಲಣ ಚಿತ್ರದಂತೆ ಹಿಂದಕ್ಕೆ ಸರಿದುಬಿಡುವುದು. ಬೇಕೆಂದಾಗ ಕಳಚಿಡಬಹುದಾದ ಬಡತನವು ಕಳಚಲಾಗದ ಬಡತನವನ್ನು ಅರಿಯಬಲ್ಲುದೆ? ಈ ಬಗೆಯ ಗ್ರಂಥಗಳ ಬೆಲೆಯನ್ನು ಕಟ್ಟುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಇಂಗ್ಲಿಷ್ ಲೇಖಕನಾದ ಲಾರೀ ಲೀಯ 'ಆ್ಯಸ್ ಐ ವಾಕ್ಡ್ ಔಟ್ ಒನ್ ಮಿಡ್‌ಸಮ್ಮರ್ ಮಾರ್ನಿಂಗ್' ಎಂಬ ಗ್ರಂಥವು ಈ ಪ್ರಶ್ನೆಗೆ ಒಳ್ಳೆಯ ಒರೆಗಲ್ಲಾಗಿದೆ. 1969ರಲ್ಲಿ ಅಚ್ಚಾದ ಈ ಪುಸ್ತಕವು, ಆತನ ಬಾಲ್ಯವನ್ನು ಹೇಳುವ 'ಸೈಡರ್ ವಿತ್ ರೋಸಿ' (1959) ಎಂಬ ಗ್ರಂಥದ ಮುಂದಿನ ಭಾಗ. ಲೀ ಹುಟ್ಟಿದ್ದು 1914ರಲ್ಲಿ. ಬೆಳೆದದ್ದು ಗ್ಲಾಸ್ಟರ್‌ಷೈರ್ ಪ್ರಾಂತದ ಸ್ಲಾಡ್ ಎಂಬ ಕಣಿವೆಯ ಹಳ್ಳಿಯಲ್ಲಿ. ಕಚೇರಿಯೊಂದರ ಗುಮಾಸ್ತೆಗಿರಿಯನ್ನು ಬಿಟ್ಟು, 1934ರ ಬೇಸಗೆಯ ಒಂದು ಬೆಳಗ್ಗೆ, ಒಂದು ಸಣ್ಣ ಡೇರೆ, ಕಂಬಳಿಯಲ್ಲಿ ಸುತ್ತಿದ ಒಂದು ಪಿಟೀಲು, ಒಂದಿಷ್ಟು ತಿನಿಸು, ಇಷ್ಟನ್ನೇ ತೆಗೆದುಕೊಂಡು ಆತನು ತಾಯಿಯ ಮನೆಯಿಂದ ಹೊರಬಿದ್ದನು. ಅದುವರೆಗೆ ಆತನು ಸಮುದ್ರವನ್ನು ಕಂಡಿರಲಿಲ್ಲವಾದುದರಿಂದ ಲಂಡನ್ನಿಗೆ ನೇರವಾದ ದಾರಿಯನ್ನು ಬಿಟ್ಟು ಮೊದಲು ದಕ್ಷಿಣದ ಕರಾವಳಿಗೆ ಇಳಿದನು. ಆಮೇಲೆ ಲಂಡನ್ನಿನಲ್ಲಿ ಸುಮಾರು ಒಂದು ವರ್ಷ ಕಟ್ಟಡದ ಕೆಲಸದಲ್ಲಿ ಗಾರೆ ಹೊತ್ತು, 1935ರ ಬೇಸಗೆಯಲ್ಲಿ ಸ್ಪೇನ್ ದೇಶದ ವೀಗೋ ರೇವಿಗೆ ಹಡಗು ಹತ್ತಿದನು. ಆ ದೇಶವನ್ನೇ ಏಕೆ ಆರಿಸಿದನೆಂದರೆ, ಒಂದು ಲೋಟ ನೀರು ಕೊಡಿರೆಂದು ಕೇಳುವ ಒಂದು ವಾಕ್ಯವು ಆತನಿಗೆ ಸ್ಪ್ಯಾನಿಷ್ ಭಾಷೆಯಲ್ಲಿ ಬರುತ್ತಿತ್ತು. ಬೇರೆ ಕಾರಣವೇನೂ ಇರಲಿಲ್ಲ.

ವೀಗೋವಿನಿಂದ ಹೊರಟ ದಾರಿಯು ಗಲೀಸಿಯದ ಬೆಟ್ಟಗಳನ್ನು ದಾಟಿ ಸಮೋರ, ತೋರೊ, ವಲ್ಯದೊಲಿದ್, ಸೆಗೋವಿಯ ನಗರಗಳ ಮೂಲಕ ಗ್ವದರಾಮ ಪರ್ವತವನ್ನು ಹತ್ತಿ ಮ್ಯಾಡ್ರಿಡ್ಡಿಗೆ ಇಳಿಯುವುದು. ಅಲ್ಲಿಂದ ತೊಲೇದೊ, ವಲ್ದೆಪೇನ್ಯಸ್, ಸೆವಿಲ್, ಕಾಡಿಸ್. ಕಡೆಗೆ ಜಿಬ್ರಾಲ್ಟರನ್ನು ಮುಟ್ಟಿ, ಮಾಲಗದ ಮೂಲಕ ಮೆಡಿಟರೇನಿಯನ್ ದಂಡೆಯ ಒಂದು ಬಡ ಊರಿನಲ್ಲಿ ಯಾತ್ರೆಯು ನಿಲ್ಲುವುದು. ಗ್ರಂಥದಲ್ಲಿ ಆ ಊರಿಗೆ 'ಕಸ್ತೀಯೊ' ಎಂದು ಹೆಸರು. ನಿಜವಾದ ಹೆಸರು ಅಲ್ಮುನ್ಯೇಕರ್. ಪುಸ್ತಕವು ಹೊರಬಂದ ಕಾಲದಲ್ಲಿ ಸ್ಪೇನ್ ಇನ್ನೂ ಜನರಲ್ ಫ್ರಾಂಕೋನ ಆಳ್ವಿಕೆಯಲ್ಲಿದ್ದುದರಿಂದ, ತನಗೆ ಆಶ್ರಯ ಕೊಟ್ಟವರಿಗೆ ಕೇಡು ತಟ್ಟಬಾರದೆಂದು ಲೇಖಕನು ಹೆಸರನ್ನು ಮರೆಮಾಡಿದನು. ಫ್ರಾಂಕೋ 1975ರವರೆಗೂ ಬದುಕಿದ್ದನು. ಈ ಮರೆಮಾಚುವಿಕೆಯು ಚಿಕ್ಕ ಸಂಗತಿಯಂತೆ ತೋರಿದರೂ ಗ್ರಂಥಕರ್ತನ ಮನೋಧರ್ಮವನ್ನು ತಿಳಿಯುವುದಕ್ಕೆ ಬಹಳ ಸಹಾಯವಾಗುವುದು. ಯಾತ್ರಿಕನು ಬಂದು ಹೋದಮೇಲೂ ಆ ಊರಿನ ಜನರು ಅಲ್ಲಿಯೇ ಇದ್ದಾರೆಂಬುದು ಈತನಿಗೆ ಮರೆತಿಲ್ಲ.

ಈತನ ಬಡತನವು ಎಂಥದೆಂಬುದನ್ನು ಗೊತ್ತುಮಾಡಲು ಇದೇ ದಾರಿಯಲ್ಲಿ ನಡೆದ ಬೇರೆ ಇಬ್ಬರನ್ನು ಪಕ್ಕದಲ್ಲಿಟ್ಟು ನೋಡಬಹುದು. ರಾಬರ್ಟ್ ಲೂಯಿ ಸ್ಟೀವನ್‌ಸನ್ನನು 1878ರಲ್ಲಿ ಫ್ರಾನ್ಸಿನ ಸೆವೆನ್ ಬೆಟ್ಟಗಳಲ್ಲಿ ಹನ್ನೆರಡು ದಿನ ಒಬ್ಬನೇ ನಡೆದು, ಮರುವರ್ಷ ಅದರ ಕಥೆಯನ್ನು ಪ್ರಕಟಿಸಿದನು. ಆತನು ಅರುವತ್ತೈದು ಫ್ರಾಂಕುಗಳನ್ನೂ ಒಂದು ಗ್ಲಾಸು ಬ್ರಾಂದಿಯನ್ನೂ ಕೊಟ್ಟು ಒಂದು ಹೆಣ್ಣುಕತ್ತೆಯನ್ನು ಕೊಂಡನು. ಮಲಗುವ ಚೀಲವನ್ನು ಹೇಳಿ ಹೊಲಿಸಿಕೊಂಡನು. ಆ ಕತ್ತೆಯೊಡನೆ ಆತನು ಪಟ್ಟ ಪಾಡು ಆಂಗ್ಲ ಗದ್ಯದ ಅತ್ಯಂತ ಸೊಗಸಾದ ಹಾಸ್ಯಗಳಲ್ಲೊಂದು. ಆದರೆ ಅಲ್ಲಿಯ ಕಷ್ಟವು ವಿನೋದಕ್ಕಾಗಿ ಹಣ ತೆತ್ತು ತಂದ ಕಷ್ಟ. ಪ್ಯಾಟ್ರಿಕ್ ಲೀ ಫರ್ಮರ್ ಎಂಬಾತನು 1933ರ ಡಿಸೆಂಬರಿನಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ವಾರಕ್ಕೆ ಒಂದು ಪೌಂಡಿನ ಲೆಕ್ಕದಲ್ಲಿ ಹಾಲೆಂಡಿನಿಂದ ಕಾನ್‌ಸ್ಟಾಂಟಿನೋಪಲ್‌ವರೆಗೆ ನಡೆಯಲು ಹೊರಟನು. ಕೊಟ್ಟಿಗೆಗಳಲ್ಲಿಯೂ ದೋಣಿಗಳಲ್ಲಿಯೂ ಮಲಗಿದ ಆ ಹುಡುಗನ ಗಂಟು ಮ್ಯೂನಿಚ್ ನಗರದಲ್ಲಿ ಕಳುವಾಯಿತು. ಆದರೆ ಮಾತಿನ ಚಾತುರ್ಯವೂ ಪರಿಚಯಪತ್ರಗಳೂ ಸೇರಿ ಆತನನ್ನು ಬರಬರುತ್ತ ಮಧ್ಯ ಯೂರೋಪಿನ ಜಹಗೀರುದಾರರ ಕೋಟೆಮನೆಗಳಿಗೆ ಕರೆದೊಯ್ದವು. ಆತನ 'ಎ ಟೈಮ್ ಆಫ್ ಗಿಫ್ಟ್ಸ್' (1977) ಪಾಂಡಿತ್ಯದಿಂದ ತುಂಬಿದ ಗ್ರಂಥ. ಮುಂದೆ ಯುದ್ಧಕ್ಕೆ ಬಲಿಯಾದ ಒಂದು ಪ್ರಪಂಚದ ಸಂಸ್ಮರಣೆ. ಬಡತನವು ಅಲ್ಲಿ ಬಾಗಿಲು ಮಾತ್ರ; ಒಳಗಿರುವುದು ಸಿರಿವಂತರ ಹಜಾರ.

ಲಾರೀ ಲೀಗೆ ತಿಂಗಳ ಹಣವೂ ಇರಲಿಲ್ಲ, ಪತ್ರಗಳೂ ಇರಲಿಲ್ಲ. ಅಂದಿನ ಅನ್ನವನ್ನು ಅಂದೇ ದುಡಿಯಬೇಕಾಗಿತ್ತು. ಈ ಒಂದು ಕಟ್ಟಿನಿಂದ ಗ್ರಂಥಕ್ಕೆ ಬಂದಿರುವ ಬಲವು ಅಸಾಧಾರಣವಾದುದು. ಊರನ್ನು ಹೊಕ್ಕೊಡನೆ ಆತನ ಕಣ್ಣು ಮೊದಲು ಹುಡುಕುವುದು ಪಿಟೀಲು ಬಾರಿಸಲು ತಕ್ಕ ಸ್ಥಳವನ್ನು: ಯಾವ ಬೀದಿಯಲ್ಲಿ ನೆರಳಿದೆ, ಯಾವ ಹೊತ್ತಿಗೆ ಜನ ಹೊರಬರುವರು, ಪೋಲೀಸಿನವನು ಎಲ್ಲಿ ನಿಂತಿದ್ದಾನೆ, ಇವು ಆತನ ವಾಸ್ತುಶಾಸ್ತ್ರ. ಸೌತಾಂಪ್ಟನ್ನಿನ ಬೀದಿಯಲ್ಲಿ ಮೊದಲು ಕಲಿತ ಪಾಠಗಳು ಚಮತ್ಕಾರವಾಗಿವೆ. ಮುಂದಿಟ್ಟ ಟೋಪಿಯು ಬರಿದಾಗಿದ್ದರೂ ಕಾಸು ಬೀಳುವುದಿಲ್ಲ, ತುಂಬಿದ್ದರೂ ಬೀಳುವುದಿಲ್ಲ. ಒಂದೆರಡು ಕಾಸು ಕಾಣುತ್ತಿರಬೇಕು. ಇಂಥ ವಿವರಗಳನ್ನು ಹಣವುಳ್ಳ ಯಾತ್ರಿಕನು ಎಷ್ಟು ಬುದ್ಧಿವಂತನಾದರೂ ಕಾಣಲಾರನು. ಇದಕ್ಕಿಂತ ಮುಖ್ಯವಾದುದು ಇನ್ನೊಂದು. ಪಿಟೀಲಿನ ದೆಸೆಯಿಂದ ಯಾತ್ರಿಕನು ಬರಿಯ ತಿರುಕನಾಗದೆ ಉಳಿದನು. ಪಡೆದುದಕ್ಕೆ ಪ್ರತಿಯಾಗಿ ಕೊಡಲು ಆತನಲ್ಲಿ ಒಂದು ವಸ್ತುವಿತ್ತು. ರಾತ್ರಿಯ ಛತ್ರದಲ್ಲಿ ಹೇಸರಗತ್ತೆಗಳನ್ನು ಕಟ್ಟಿದ ಅಂಗಳದ ಮಗ್ಗುಲಲ್ಲಿ ಕುಳಿತು ಆತನು ನುಡಿಸಿದ ಕುಣಿತದ ಮಟ್ಟಿಗೂ ಮುಂದೆ ಬಂದ ಸಾರಿನ ಬಟ್ಟಲಿಗೂ ಒಂದು ಲೆಕ್ಕವುಂಟು. ಕನ್ನಡ ವಾಚಕನು ಇದಕ್ಕೆ 'ಕಾಯಕ' ಎಂಬ ಮಾತನ್ನು ಸಂಕೋಚವಿಲ್ಲದೆ ಬಳಸಬಹುದು. ಅತಿಥಿಯೂ ದುಡಿಯುವವನಾದಾಗ ಆತಿಥ್ಯಕ್ಕೆ ದಾನದ ಮುಜುಗರವಿರುವುದಿಲ್ಲ.

ಹಾಗೆಂದು ಲೀ ತನ್ನ ಬಡತನವನ್ನು ಎಲ್ಲರ ಬಡತನದೊಡನೆ ಸರಿಗಟ್ಟಿ ಹೇಳುವನೆಂದು ತಿಳಿಯಬಾರದು. ಗ್ರಂಥದ ಆರಂಭದ ಭಾಗದಲ್ಲಿ, ಇನ್ನೂ ಇಂಗ್ಲೆಂಡಿನಲ್ಲಿಯೇ, ಕೆಲಸವಿಲ್ಲದೆ ಊರಿಂದೂರಿಗೆ ನಡೆಯುತ್ತಿರುವ ಗಂಡಸರ ವರ್ಣನೆಯೊಂದು ಬರುವುದು. ಬ್ರಿಟನ್ನಿನಲ್ಲಿ ಆ ವರ್ಷ ನಿರುದ್ಯೋಗಿಗಳ ಸಂಖ್ಯೆ ಇಪ್ಪತ್ತು ಲಕ್ಷವನ್ನು ಮೀರಿತ್ತು. ಸೋತ ಸೈನ್ಯವು ಹಿಮ್ಮೆಟ್ಟುವಂತೆ ಅವರು ತಲೆ ತಗ್ಗಿಸಿ ಹೋಗುತ್ತಿದ್ದರು. ಕೆಲವರ ಕೈಯಲ್ಲಿ ಕಸುಬಿನ ಹತಾರಗಳಿದ್ದವು. ಹತ್ತೊಂಬತ್ತು ವರ್ಷದ ಯುವಕನು ಹಾಡುತ್ತ ಅದೇ ದಾರಿಯಲ್ಲಿ ಎದುರಾಗುವನು. ದಾರಿಯೊಂದೇ, ಧೂಳೊಂದೇ, ಹಸಿವೂ ಹೆಚ್ಚುಕಡಮೆ ಒಂದೇ. ಆದರೂ ಆತನಿಗೆ ನಡೆಯುವುದು ಬಿಡುಗಡೆ, ಅವರಿಗೆ ಅದೇ ಶಿಕ್ಷೆ. ಗ್ರಂಥಕರ್ತನು ಈ ಚಿತ್ರವನ್ನು ಉಪದೇಶವಿಲ್ಲದೆ ಬಿಡಿಸಿ ಮುಂದೆ ಹೋಗುವನು. ಆದರೆ ಅದನ್ನು ಆದಿಯಲ್ಲಿಟ್ಟಿರುವುದು ಅಕಸ್ಮಾತ್ತಾಗಿ ಅಲ್ಲ. ಸ್ಪೇನಿನ ದಾರಿಯುದ್ದಕ್ಕೂ ಆ ಗಂಡಸರ ನೆರಳು ಯಾತ್ರಿಕನ ಹಿಂದೆ ನಡೆಯುವುದು.

ಇನ್ನು ದೋಷಗಳನ್ನು ಹೇಳಬೇಕು. ಮೊದಲನೆಯದು ಶೈಲಿಗೆ ಸಂಬಂಧಪಟ್ಟುದು. ಲೀ ಮೂಲತಃ ಕವಿ. ಉಪಮೆಯಿಲ್ಲದೆ ಆತನಿಗೆ ವಾಕ್ಯವು ಮುಗಿಯುವುದಿಲ್ಲ. ಸೆಕೆಯಾಗಲಿ ನಾಯಿಯಾಗಲಿ ಮುದುಕಿಯಾಗಲಿ ಮುಂದೆ ಬಂದರೆ ಸಾಕು, ಒಂದು ಹೋಲಿಕೆ ಸಿದ್ಧವಾಗಿರುವುದು. ಅವುಗಳಲ್ಲಿ ಅನೇಕವು ಅಪೂರ್ವವಾಗಿವೆ. ಕಾಸ್ಟೀಲ್ ಬಯಲಿನ ಗೋದಿಹೊಲಗಳ ನಡುವೆ ಬಾಯಾರಿ ಬಿಸಿಲಿಗೆ ಸೋಲುವ ಭಾಗದಲ್ಲಿ ಅಲಂಕಾರವೂ ಅನುಭವವೂ ಬೇರೆಯಾಗಿ ತೋರುವುದಿಲ್ಲ. ಓದುವವನ ಗಂಟಲೇ ಒಣಗುವುದು. ಆದರೆ ಎಲ್ಲ ಕಡೆಯೂ ಹೀಗಿಲ್ಲ. ಅಲಂಕಾರವು ರಸಕ್ಕೆ ಅಂಗವಾಗಿರಬೇಕೆಂದೂ ಔಚಿತ್ಯವನ್ನು ಮೀರಿದರೆ ಅದೇ ದೋಷವಾಗುವುದೆಂದೂ ಭಾರತೀಯ ಲಾಕ್ಷಣಿಕರು ಹೇಳಿರುವುದಕ್ಕೆ ಈ ಗ್ರಂಥದಲ್ಲಿ ಸಾಕಷ್ಟು ಉದಾಹರಣೆಗಳು ಸಿಕ್ಕುವುವು. ಕಾಡಿಸ್ಸಿನ ತಿರುಕರನ್ನು ವರ್ಣಿಸುವಾಗ ಮಾತಿನ ಬೆಡಗು ಎಷ್ಟು ದಟ್ಟವಾಗಿದೆಯೆಂದರೆ, ಕರುಣವು ಹುಟ್ಟಬೇಕಾದೆಡೆಯಲ್ಲಿ ವಿಸ್ಮಯವು ಹುಟ್ಟುವುದು. ನೋಡುವವನಿಗೆ ಸಂಕಟವು ದೃಶ್ಯವಾಗಿಬಿಟ್ಟಿತೆಂಬ ಅನುಮಾನಕ್ಕೆ ಎಡೆಯಾಗುವುದು ಇಂಥ ಕಡೆಗಳಲ್ಲಿ.

ಎರಡನೆಯ ದೋಷವು ಹೆಚ್ಚು ತೂಕದ್ದು. ದಾರಿಯಲ್ಲಿ ಎದುರಾಗುವ ಹೆಣ್ಣುಮಕ್ಕಳಲ್ಲಿ ಬಹುಮಂದಿ ಯಾತ್ರಿಕನಿಗೆ ಉಣಬಡಿಸುವುದಕ್ಕೋ ಆತನನ್ನು ನೋಡಿ ಮುಗುಳ್ನಗುವುದಕ್ಕೋ ಹುಟ್ಟಿದವರಂತೆ ಬಂದು ಹೋಗುವರು. ಗಂಡಸರಿಗೆ ಕಸುಬುಂಟು, ಕೋಪವುಂಟು, ಅಭಿಪ್ರಾಯವುಂಟು; ಹೆಂಗಸರಿಗೆ ಕಣ್ಣು, ಕೂದಲು, ಕಂಠಸ್ವರಗಳೇ ಹೆಚ್ಚಾಗಿ ಉಂಟು. ಒಂಟಿಯಾಗಿ, ಕಾಸಿಲ್ಲದೆ, ಅಪರಿಚಿತರ ಅಂಗಳದಲ್ಲಿ ನಿರ್ಭಯವಾಗಿ ಮಲಗುವ ಸ್ವಾತಂತ್ರ್ಯವು ಗಂಡಸಿನದಾಗಿತ್ತೆಂಬುದನ್ನು ಗ್ರಂಥಕರ್ತನು ಎಲ್ಲಿಯೂ ಯೋಚಿಸಿದಂತೆ ಕಾಣುವುದಿಲ್ಲ. ಇದೇ ದಾರಿಯನ್ನು ಪಿಟೀಲು ಹಿಡಿದ ಹುಡುಗಿಯೊಬ್ಬಳು ನಡೆದಿದ್ದರೆ ಆ ಛತ್ರಗಳ ಕಥೆ ಬೇರೆಯಾಗುತ್ತಿತ್ತು. ಹಣದ ಬಡತನವನ್ನು ಇಷ್ಟು ಸೂಕ್ಷ್ಮವಾಗಿ ಕಂಡವನು ಈ ಬೇರೊಂದು ಸಿರಿತನವನ್ನು ಕಾಣದೆ ಹೋದುದು ಸೋಜಿಗ.

ಮೂರನೆಯ ಆಕ್ಷೇಪಣೆಯು ಸತ್ಯದ ವಿಷಯವಾದುದು. ಯಾತ್ರೆ ನಡೆದದ್ದು 1935ರಲ್ಲಿ, ಗ್ರಂಥ ಹುಟ್ಟಿದ್ದು 1969ರಲ್ಲಿ. ಐವತ್ತೈದರ ಸಮೀಪದ ಪ್ರೌಢನು ಇಪ್ಪತ್ತೊಂದರ ಹುಡುಗನ ಮಾತುಗಳನ್ನೂ ಊಟವನ್ನೂ ಕನಸುಗಳನ್ನೂ ನಿನ್ನೆ ನಡೆದಂತೆ ಹೇಳುವುದನ್ನು ಎಷ್ಟರಮಟ್ಟಿಗೆ ನಂಬಬಹುದು? ಇದಕ್ಕೆ ಉತ್ತರವನ್ನು ಎರಡು ಭಾಗ ಮಾಡಿ ಹೇಳಬೇಕು. ಸಂಭಾಷಣೆಗಳು ಅಕ್ಷರಶಃ ನಡೆದವೆಂದು ಯಾವ ವಿವೇಕಿಯೂ ಭಾವಿಸನು. ಅವು ಕಲ್ಪನೆಯಿಂದ ಪುನಃ ಕಟ್ಟಿದವು. ಆದರೆ ಕಾಲದ ಅಂತರವು ಗ್ರಂಥಕ್ಕೆ ಒಂದು ಉಪಕಾರವನ್ನೂ ಮಾಡಿದೆ. ಹುಡುಗನಿಗೆ ತಿಳಿಯದಿದ್ದ ಒಂದು ಸಂಗತಿ ಮುದುಕನಿಗೂ ವಾಚಕನಿಗೂ ತಿಳಿದಿದೆ: ತಾನು ನಡೆದು ಬಂದ ಊರುಗಳೆಲ್ಲ ಇನ್ನೊಂದು ವರ್ಷದೊಳಗೆ ರಣರಂಗವಾಗಲಿದ್ದವು. ಆದುದರಿಂದ ವಲ್ಯದೊಲಿದ್ದಿನ ಸಿಪಾಯಿಗಳಾಗಲಿ ಮ್ಯಾಡ್ರಿಡ್ಡಿನ ಹೆಂಡದಂಗಡಿಯ ನಗುವಾಗಲಿ ಓದುಗನಿಗೆ ಬರಿಯ ವರ್ಣನೆಯಾಗಿ ಉಳಿಯುವುದಿಲ್ಲ. ತೊಲೇದೊವಿನಲ್ಲಿ ಆತನನ್ನು ಮನೆಗೆ ಕರೆದು ಉಪಚರಿಸಿದ ಕವಿ ರಾಯ್ ಕ್ಯಾಂಪ್‌ಬೆಲ್ಲನು ಮುಂದೆ ಫ್ರಾಂಕೋನ ಪಕ್ಷವನ್ನು ವಹಿಸಿದನು. ಲೀ ಎದುರು ಪಕ್ಷಕ್ಕೆ ಹೋದನು. ಒಂದೇ ಮೇಜಿನಲ್ಲಿ ಉಂಡ ಆ ಇಬ್ಬರ ಸ್ನೇಹವನ್ನು ಗ್ರಂಥಕರ್ತನು ಕಹಿಯಿಲ್ಲದೆ ಚಿತ್ರಿಸಿರುವುದು ಅವನ ಔದಾರ್ಯಕ್ಕೆ ಸಾಕ್ಷಿ.

ಗ್ರಂಥದ ತಿರುಳು ಅಲ್ಮುನ್ಯೇಕರಿನ ಅಧ್ಯಾಯಗಳಲ್ಲಿದೆ. ಅಲ್ಲಿ ಯಾತ್ರಿಕನು ನಡೆಯುವುದನ್ನು ನಿಲ್ಲಿಸಿ, ಒಂದು ಹೋಟೆಲಿನಲ್ಲಿ ಕೈಕೆಲಸ ಮಾಡುತ್ತ, ಪಿಟೀಲು ನುಡಿಸುತ್ತ ಚಳಿಗಾಲವನ್ನು ಕಳೆಯುವನು. ನಡೆಯುವವನಿಗೆ ಕಾಣದ ಎಷ್ಟೋ ಸಂಗತಿಗಳು ನಿಂತವನಿಗೆ ಕಾಣತೊಡಗುವುವು. ಒಂದು ಕಡೆ ಕಬ್ಬಿನ ಗದ್ದೆಗಳು, ಅವು ಬೇರೆಯವರವು. ಇನ್ನೊಂದು ಕಡೆ ಕಡಲು, ಅದು ಬಲೆಗೆ ಹೆಚ್ಚೇನೂ ಕೊಡದು. ಬಲೆಯನ್ನು ದಡಕ್ಕೆ ಎಳೆಯಲು ಊರಿಗೆ ಊರೇ ಬೆವರು ಸುರಿಸಿದಮೇಲೆ ಸಿಕ್ಕುವುದು ಹಿಡಿಯಷ್ಟು ಮೀನು. 1931ರಲ್ಲಿ ಗಣರಾಜ್ಯವು ಸ್ಥಾಪನೆಯಾದಾಗ ಹುಟ್ಟಿದ ಆಸೆಗಳು ಹುಸಿಯಾಗಿದ್ದವು. 1932ರ ಭೂಸುಧಾರಣೆಯ ಕಾನೂನು ದಕ್ಷಿಣದ ಕೂಲಿಗಾರರಿಗೆ ಹೆಚ್ಚು ನೆಲವನ್ನು ಕೊಟ್ಟಿರಲಿಲ್ಲ. 1936ರ ಫೆಬ್ರವರಿಯ ಚುನಾವಣೆಯಲ್ಲಿ ಜನಪಕ್ಷಗಳ ಕೂಟವು ಗೆದ್ದಾಗ ಆ ಬೆಸ್ತರೂ ಕೂಲಿಗಳೂ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ನಿಂತರು. ಅದೇ ಜುಲೈಯಲ್ಲಿ ಸೈನ್ಯವು ದಂಗೆಯೆದ್ದಿತು. ಇಲ್ಲಿ ಬರವಣಿಗೆಯ ಧಾಟಿಯೇ ಬದಲಾಗುವುದು, ಉಪಮೆಗಳು ವಿರಳವಾಗುವುವು. ಹಿಂದೆ ಬಣ್ಣಬಣ್ಣವಾಗಿ ಕಂಡ ಬಡತನಕ್ಕೆ ಈಗ ಕಾರಣಗಳು ಕಾಣುವುವು, ಹೊಣೆಗಾರರು ಕಾಣುವರು. ದೃಶ್ಯವು ಸಮಸ್ಯೆಯಾಗಿ ಮಾರ್ಪಡುವ ಈ ಘಟ್ಟವೇ ಗ್ರಂಥವನ್ನು ಸಾಮಾನ್ಯ ಪ್ರವಾಸಕಥನದಿಂದ ಮೇಲಕ್ಕೆತ್ತುವುದು.

ಆಗ ಬ್ರಿಟಿಷ್ ನೌಕಾಪಡೆಯ ಒಂದು ಹಡಗು ತನ್ನ ದೇಶದ ಪ್ರಜೆಗಳನ್ನು ಕರೆದೊಯ್ಯಲು ದಡಕ್ಕೆ ಬರುವುದು. ಕಾಸಿಲ್ಲದ ಪಿಟೀಲಿನವನು ಅದನ್ನು ಹತ್ತುವನು. ಆತನೊಡನೆ ಉಂಡ, ಕುಡಿದ, ಬಲೆಯೆಳೆದ ಜನರು ದಡದಲ್ಲಿಯೇ ಉಳಿಯುವರು. ಮೊದಲು ಕೇಳಿದ ಪ್ರಶ್ನೆಗೆ ಉತ್ತರವು ಈ ದೃಶ್ಯದಲ್ಲಿ ದೊರೆಯುವುದು. ಯಾತ್ರಿಕನು ಬರಿಗೈಯವನಾಗಿದ್ದರೂ ಆತನ ಬೆನ್ನಹಿಂದೆ ಒಂದು ಸಾಮ್ರಾಜ್ಯವಿತ್ತು. ಊರಿನವರ ಬಡತನಕ್ಕೆ ಹಡಗು ಬರುವುದಿಲ್ಲ. ಕಳಚಬಹುದಾದ ಬಡತನವು ಕಳಚಲಾಗದ ಬಡತನವನ್ನು ಪೂರ್ಣವಾಗಿ ಅರಿಯಲಾರದು. ಆದರೆ ತಾನು ಅರಿಯಲಾರೆನೆಂಬುದನ್ನು ಅರಿಯಬಲ್ಲುದು, ಆ ಅರಿವಿನಿಂದ ನಾಚಬಲ್ಲುದು. ಲೀಯ ಗ್ರಂಥವು ತಲಪಿರುವುದು ಈ ನಾಚಿಕೆಯನ್ನು. ಕೊನೆಯ ಪುಟಗಳಲ್ಲಿ ಆತನು 1937ರ ಡಿಸೆಂಬರಿನಲ್ಲಿ ಹಿಮದಲ್ಲಿ ಪಿರಿನೀಸ್ ಪರ್ವತವನ್ನು ಕಾಲ್ನಡೆಯಿಂದ ದಾಟಿ, ಗಣರಾಜ್ಯದ ಪಕ್ಷದಲ್ಲಿ ಸೇರಲು ಮತ್ತೆ ಸ್ಪೇನಿಗೆ ಬರುವನು. ಮೊದಲನೆಯ ಸಲ ಪಡೆಯಲು ಬಂದವನು ಎರಡನೆಯ ಸಲ ಸಾಲ ತೀರಿಸಲು ಬಂದನು.

ಆ ಎರಡನೆಯ ಬರವನ್ನು ಹೇಳುವ 'ಎ ಮೊಮೆಂಟ್ ಆಫ್ ವಾರ್' (1991) ಎಂಬ ಗ್ರಂಥದ ನಿಜತ್ವವನ್ನು, 1997ರಲ್ಲಿ ಲೀ ತೀರಿಕೊಂಡಮೇಲೆ, ಆ ಯುದ್ಧದಲ್ಲಿ ಭಾಗವಹಿಸಿದ್ದ ಕೆಲವರು ಸಂದೇಹಿಸಿದರು. ಮೂರ್ಛೆರೋಗದ ಕಾರಣದಿಂದ ಆತನನ್ನು ಬೇಗನೆ ಹಿಂದಕ್ಕೆ ಕಳುಹಿಸಲಾಯಿತು. ಯುದ್ಧದಲ್ಲಿ ಆತನು ಏನು ಮಾಡಿದನೆಂಬುದು ಚರ್ಚಾಸ್ಪದವಾದರೂ ಹಿಂದಿರುಗಿ ಹೋದನೆಂಬುದು ಚರ್ಚಾಸ್ಪದವಲ್ಲ. ಋಣವನ್ನು ತೀರಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಋಣವಿದೆಯೆಂದು ಒಪ್ಪುವ ಮನಸ್ಸಾದರೂ ಇರಬೇಕು. 1935ರ ಯಾತ್ರೆಯ ಗ್ರಂಥಕ್ಕೆ ಈ ವಿವಾದದಿಂದ ಕುಂದೇನೂ ಇಲ್ಲ.

ಈ ಗ್ರಂಥವನ್ನು ಕನ್ನಡ ವಾಚಕನು ಇಂದು ಓದುವಾಗ ಇನ್ನೊಂದು ವಿಚಾರವು ಮನಸ್ಸಿಗೆ ಬಾರದಿರದು. ಬೆನ್ನಿಗೆ ಚೀಲ ಬಿಗಿದು ಕಡಮೆ ಖರ್ಚಿನಲ್ಲಿ ಪರದೇಶವನ್ನು ಸುತ್ತಿಬರುವ ಹಂಬಲವು ಕನ್ನಡದ ತರುಣತರುಣಿಯರಲ್ಲಿಯೂ ಈಗ ಬೆಳೆದಿದೆ. ದೇಶ ಸುತ್ತು, ಕೋಶ ಓದು ಎಂಬುದು ಇಲ್ಲಿಯ ಹಳೆಯ ಗಾದೆಯೇ. ಆದರೆ ಭಾರತದ ಪಾಸ್‌ಪೋರ್ಟನ್ನು ಹಿಡಿದವನು ಸ್ಪೇನಿಗೆ ಹೋಗಬೇಕಾದರೆ ಮೊದಲು ವೀಸಾ ಪಡೆಯಬೇಕು. ಅದಕ್ಕೆ ಅಲ್ಲಿ ಕಳೆಯುವಷ್ಟು ದಿನಕ್ಕೂ ಸಾಲುವ ಹಣ ತನ್ನಲ್ಲಿದೆಯೆಂದು ಬ್ಯಾಂಕಿನ ಲೆಕ್ಕವನ್ನು ತೋರಿಸಬೇಕು. ಬಡವನಂತೆ ತಿರುಗಿಬರಲು ಮೊದಲು ತಾನು ಬಡವನಲ್ಲವೆಂದು ಸಿದ್ಧಪಡಿಸಬೇಕು. ಒಂದು ಪಿಟೀಲನ್ನೂ ನೀರು ಕೇಳುವ ಒಂದು ವಾಕ್ಯವನ್ನೂ ನಂಬಿ ಹೊರಡುವ ಅವಕಾಶವು ಲೋಕದಲ್ಲಿ ಎಲ್ಲರಿಗೂ ಸಮವಾಗಿ ಹಂಚಿಲ್ಲ. ಹೋಗಿ ಬಂದವರು ಬರೆಯಲು ಕುಳಿತಾಗ ಎಷ್ಟು ಕಡಮೆ ಖರ್ಚಾಯಿತೆಂಬುದನ್ನು ಮಾತ್ರ ಲೆಕ್ಕ ಹಾಕಿದರೆ ಸಾಲದು. ಆ ಉಳಿತಾಯಕ್ಕಾಗಿ ಯಾರ ಅಂಗಳ, ಯಾರ ಅನ್ನ, ಯಾರ ಸಮಯ ವ್ಯಯವಾಯಿತೆಂಬ ಲೆಕ್ಕವನ್ನೂ ಬರೆಯಬೇಕು. ಲಾರೀ ಲೀಯ ಪುಸ್ತಕದಲ್ಲಿ ಮಾತಿನ ಅತಿರೇಕವುಂಟು, ಮರೆವುಂಟು, ಗಂಡಸಿನ ಕುರುಡೂ ಉಂಟು. ಆದರೆ ಈ ಎರಡನೆಯ ಲೆಕ್ಕವು ಅದರಲ್ಲಿ ತಪ್ಪಿಲ್ಲ. ಪ್ರವಾಸಸಾಹಿತ್ಯವನ್ನು ಬರೆಯಬಯಸುವವರು ಅದನ್ನು ಕಲಿಯುವುದಕ್ಕಾಗಿಯಾದರೂ ಈ ಗ್ರಂಥವನ್ನು ಓದತಕ್ಕದ್ದು.